ಎ7 ಮಾರ್ಕ್ 3 ಸಾಕೆ, ಮಾರ್ಕ್ 4 ಬೇಕೆ? ಕಲಬುರಗಿ ಭಾಗದ ಛಾಯಾಗ್ರಾಹಕರಿಗೊಂದು ಹೋಲಿಕೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಹೊಸದಾಗಿ ಸ್ಟುಡಿಯೊ ತೆರೆಯುವವರೂ ಹಳೆಯ ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್ ಕ್ಯಾಮೆರಾಕ್ಕೆ ಬರಬೇಕೆಂದಿರುವವರೂ ಹಣ ಕೈಯಲ್ಲಿ ಹಿಡಿದು ಯೋಚಿಸುವ ಪ್ರಶ್ನೆಗಳಲ್ಲಿ ಇದೂ ಒಂದು: ಸೋನಿ ಎ7 ಮಾರ್ಕ್ 3 ಸಾಕೆ, ಅಥವಾ ಇನ್ನಷ್ಟು ಹಣ ಕೂಡಿಸಿ ಎ7 ಮಾರ್ಕ್ 4 ತರಬೇಕೆ? ಮೊದಲನೆಯದು 2018ರ ಫೆಬ್ರುವರಿಯಲ್ಲಿ ಪ್ರಕಟವಾದ ಮಾದರಿ. ಎರಡನೆಯದು 2021ರ ಅಕ್ಟೋಬರ್‌ನಲ್ಲಿ ಪ್ರಕಟವಾದದ್ದು. ಎರಡೂ ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮ್‌ನಷ್ಟು ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾಗಳು, ಎರಡಕ್ಕೂ ಒಂದೇ ಇ-ಮೌಂಟ್ ಲೆನ್ಸ್‌ಗಳು ಹೊಂದುತ್ತವೆ, ಎರಡರೊಳಗೂ ಕೂರುವುದು ಎನ್‌ಪಿ-ಎಫ್‌ಝಡ್100 ಎಂಬ ಒಂದೇ ಬ್ಯಾಟರಿ. ತೂಕದಲ್ಲಿಯೂ 650 ಗ್ರಾಂ ಮತ್ತು 658 ಗ್ರಾಂ ಎಂಬಷ್ಟೇ ಅಂತರ. ಭಾರತದಲ್ಲಿ ಬಿಡುಗಡೆಯಾದಾಗ ಲೆನ್ಸ್ ಇಲ್ಲದ ಬಾಡಿಯೊಂದರ ಬೆಲೆ ಮಾರ್ಕ್ 3ಕ್ಕೆ 1,64,990 ರೂಪಾಯಿ, ಮಾರ್ಕ್ 4ಕ್ಕೆ 2,42,490 ರೂಪಾಯಿ ಇತ್ತು. ಇಂದಿನ ಬೆಲೆ ಅಂಗಡಿಯಿಂದ ಅಂಗಡಿಗೆ, ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತದೆಯಾದರೂ ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ಒಳ್ಳೆಯ ಲೆನ್ಸ್‌ನ ಬೆಲೆಯ ಬಹುಭಾಗವನ್ನು ತುಂಬಬಲ್ಲ ವ್ಯತ್ಯಾಸ ಇದ್ದೇ ಇರುತ್ತದೆ, ಸೆಕೆಂಡ್ ಹ್ಯಾಂಡ್ ಮಾರ್ಕ್ 3 ನೋಡಿದರಂತೂ ಆ ವ್ಯತ್ಯಾಸ ಇನ್ನೂ ದೊಡ್ಡದು.

ನನ್ನ ನಿರ್ಣಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ದುಡಿಮೆ ಮುಖ್ಯವಾಗಿ ಸ್ಥಿರಚಿತ್ರಗಳಿಂದ, ಅಂದರೆ ಮದುವೆಯ ಆಲ್ಬಮ್, ಪಾಸ್‌ಪೋರ್ಟ್ ಫೋಟೊ, ಶಾಲಾ ಸಮಾರಂಭ, ವಸ್ತುಗಳ ಚಿತ್ರಣದಿಂದ ನಡೆಯುತ್ತಿದ್ದರೆ ಮಾರ್ಕ್ 3 ಕೊಂಡು ಉಳಿದ ಹಣವನ್ನು ಲೆನ್ಸ್‌ಗೆ ಹಾಕುವುದು ಸರಿಯಾದ ದಾರಿ. ವಿಡಿಯೊ ನಿಮ್ಮ ಆದಾಯದ ಅರ್ಧದಷ್ಟಾದರೂ ಆಗಿದ್ದರೆ, ಅಥವಾ ಬರುವ ವರ್ಷಗಳಲ್ಲಿ ಆಗುವ ಸೂಚನೆ ಇದ್ದರೆ, ಮಾರ್ಕ್ 4 ಬಿಟ್ಟು ಬೇರೆಯದನ್ನು ಯೋಚಿಸಬಾರದು. ಈ ಎರಡರ ನಡುವೆ ಇರುವವರಿಗೇ ನಿರ್ಧಾರ ಕಷ್ಟ. ಮುಂದಿನ ಮಾತುಗಳನ್ನು ಹೆಚ್ಚಾಗಿ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

24 ಮೆಗಾಪಿಕ್ಸೆಲ್, 33 ಮೆಗಾಪಿಕ್ಸೆಲ್

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ವ್ಯತ್ಯಾಸ ಇದೇ. ಮಾರ್ಕ್ 3ರ ಚಿತ್ರ 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ ಇರುತ್ತದೆ. ಮಾರ್ಕ್ 4ರದ್ದು 7008 ಅಗಲ, 4672 ಎತ್ತರ. ಒಟ್ಟು ಪಿಕ್ಸೆಲ್ ಲೆಕ್ಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಏರಿದಂತೆ ಕಂಡರೂ ಒಂದು ಬದಿಯ ಅಳತೆಯಲ್ಲಿ ಏರಿಕೆ ಶೇ 17ರಷ್ಟು ಮಾತ್ರ. ನಮ್ಮ ಕಡೆಯ ಮದುವೆ ಆಲ್ಬಮ್‌ಗಳಲ್ಲಿ 12×36 ಇಂಚಿನ ಶೀಟ್ ಸಾಮಾನ್ಯ. ಅದರ ಅರ್ಧ ಭಾಗವನ್ನು ಒಂದೇ ಚಿತ್ರ ತುಂಬಿದರೆ ಅದು 12×18 ಇಂಚು. ಲ್ಯಾಬ್‌ನವರು ಬಯಸುವ 300 ಡಿಪಿಐ (ಇಂಚಿಗೆ 300 ಬಿಂದು) ಲೆಕ್ಕದಲ್ಲಿ ಅದಕ್ಕೆ ಬೇಕಾಗುವುದು 5400×3600 ಪಿಕ್ಸೆಲ್. ಮಾರ್ಕ್ 3ರ ಚಿತ್ರ ಅಷ್ಟನ್ನು ಕೊಟ್ಟು ಇನ್ನೂ ಸ್ವಲ್ಪ ಅಂಚು ಉಳಿಸುತ್ತದೆ. ಒಂದೇ ಚಿತ್ರವನ್ನು ಇಡೀ ಶೀಟಿಗೆ ಹರಡಿದಾಗ ಎರಡೂ ಕ್ಯಾಮೆರಾ 300 ಡಿಪಿಐ ಮುಟ್ಟುವುದಿಲ್ಲ, ಆದರೆ ಆ ಗಾತ್ರದ ಚಿತ್ರವನ್ನು ಯಾರೂ ಮೂಗಿಗೆ ಹಿಡಿದು ನೋಡುವುದಿಲ್ಲ. ಎರಡರಿಂದಲೂ ಬಂದ ಮುದ್ರಣ ಒಪ್ಪುವಂತೆಯೇ ಇರುತ್ತದೆ.

ಹೆಚ್ಚಿನ ಪಿಕ್ಸೆಲ್ ನಿಜವಾಗಿ ಕೈಹಿಡಿಯುವುದು ಚಿತ್ರವನ್ನು ಕತ್ತರಿಸಬೇಕಾದಲ್ಲಿ. ಬೀದರ್ ಸುತ್ತಲಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳನ್ನು ತೆಗೆಯುವವರಿಗೂ ಸುರಪುರದ ಬಳಿಯ ಬೋನಾಳ ಕೆರೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದಿರುವವರಿಗೂ ಲೆನ್ಸ್ ಎಷ್ಟು ಉದ್ದವಿದ್ದರೂ ಸಾಲದು. ಕ್ಯಾಮೆರಾವನ್ನು ಸೆನ್ಸರ್‌ನ ನಡುಭಾಗವನ್ನಷ್ಟೇ ಬಳಸುವ ಎಪಿಎಸ್-ಸಿ ಕ್ರಾಪ್‌ಗೆ ಹಾಕಿದರೆ ಮಾರ್ಕ್ 3ರಲ್ಲಿ ಉಳಿಯುವುದು ಸುಮಾರು 10 ಮೆಗಾಪಿಕ್ಸೆಲ್, ಮಾರ್ಕ್ 4ರಲ್ಲಿ ಸುಮಾರು 14. ಹಕ್ಕಿಯ ಗರಿಯ ಎಳೆ ಮುದ್ರಣದಲ್ಲಿ ಉಳಿಯುತ್ತದೆಯೋ ಕಲಸಿಹೋಗುತ್ತದೆಯೋ ಎಂಬುದು ಇಂಥ ಕಡೆ ತೀರ್ಮಾನವಾಗುತ್ತದೆ.

ಪಿಕ್ಸೆಲ್ ಹೆಚ್ಚಾದಂತೆ ಫೈಲ್ ಕೂಡ ದಪ್ಪವಾಗುತ್ತದೆ ಎಂಬುದನ್ನು ಮರೆಯಬಾರದು. ಕಂಪ್ರೆಸ್ ಮಾಡಿದ ಒಂದು ರಾ ಫೈಲ್ (ಸೆನ್ಸರ್‌ನ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ಫೈಲ್) ಮಾರ್ಕ್ 3ರಲ್ಲಿ ಸುಮಾರು 24 ಎಂಬಿ, ಮಾರ್ಕ್ 4ರಲ್ಲಿ ಸುಮಾರು 35 ಎಂಬಿ. ಒಂದು ಮದುವೆಗೆ 3000 ಚಿತ್ರ ತೆಗೆದರೆ ಹಳೆಯದರಲ್ಲಿ 72 ಜಿಬಿ, ಹೊಸದರಲ್ಲಿ 105 ಜಿಬಿ ಜಾಗ ಬೇಕು. ಮಾರ್ಕ್ 4ರಲ್ಲಿ ಗುಣಮಟ್ಟ ಸ್ವಲ್ಪವೂ ಕಳೆಯದ ಲಾಸ್‌ಲೆಸ್ ಕಂಪ್ರೆಸ್ಡ್ ರಾ ಸಿಗುತ್ತದೆ, ಮಾರ್ಕ್ 3ರಲ್ಲಿ ಅದಿಲ್ಲ. ಅಲ್ಲಿ ಒಂದೋ ಸ್ವಲ್ಪ ಮಾಹಿತಿ ಕಳೆಯುವ ಕಂಪ್ರೆಷನ್, ಇಲ್ಲವೇ 47 ಎಂಬಿಯಷ್ಟು ದೊಡ್ಡದಾದ ಪೂರ್ಣ ಫೈಲ್. ಮದುವೆಯ ಕೆಲಸದಲ್ಲಿ ಮೊದಲನೆಯದರಿಂದ ತೊಂದರೆಯೇನೂ ಆಗುವುದಿಲ್ಲ.

ಬೀದರಿನ ಬಿದ್ರಿ ಕಲಾಕೃತಿಗಳನ್ನು ಆನ್‌ಲೈನ್ ಮಾರಾಟಕ್ಕಾಗಿ ಚಿತ್ರಿಸಿಕೊಡುವ ಕೆಲಸ ಇತ್ತೀಚೆಗೆ ಹಲವು ಯುವಕರ ಕೈಗೆ ಬರುತ್ತಿದೆ. ಕಪ್ಪು ಮೈಯ ಮೇಲೆ ಬೆಳ್ಳಿಯ ಹೊಳಪು ಇರುವ ಆ ವಸ್ತುಗಳಿಗೆ ಬೇಕಾದದ್ದು ನೆರಳು ಮತ್ತು ಹೊಳಪು ಎರಡನ್ನೂ ಉಳಿಸಿಕೊಳ್ಳುವ ಸೆನ್ಸರ್, ಗಟ್ಟಿ ಟ್ರೈಪಾಡ್, ಮೃದುವಾಗಿ ಹರಡಿದ ಬೆಳಕು. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100ರಲ್ಲಿ ತೆಗೆದ ಇಂಥ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾವ ಕ್ಯಾಮೆರಾದ್ದೆಂದು ಹೇಳುವುದು ಕಷ್ಟ. ಇದಕ್ಕೆಂದೇ ಮಾರ್ಕ್ 4 ಕೊಳ್ಳುವುದು ಹಣದ ಪೋಲು.

ಕಡಿಮೆ ಬೆಳಕು: ತೀರ್ಪು ಕೊಡುವುದು ಲೆನ್ಸ್

ನಮ್ಮಲ್ಲಿ ಫಂಕ್ಷನ್ ಹಾಲ್‌ಗಳ ಒಳಗೆ ವೇದಿಕೆ ಮಾತ್ರ ಬೆಳಗುತ್ತದೆ. ಊಟದ ಮನೆ, ವರಾಂಡ, ವಧುವಿನ ಕೋಣೆ ಮಬ್ಬಾಗಿಯೇ ಇರುತ್ತವೆ. ಹೊಸ ಕ್ಯಾಮೆರಾ ಎಂದ ಮೇಲೆ ಕತ್ತಲೆಯಲ್ಲಿ ಹೆಚ್ಚು ಚೆನ್ನಾಗಿ ತೆಗೆಯಬೇಕಲ್ಲವೆ ಎಂದು ಕೊಳ್ಳುವವರು ನಿರೀಕ್ಷಿಸುವುದು ಸಹಜ. ಆದರೆ ಈ ವಿಷಯದಲ್ಲಿ ಎರಡು ತಲೆಮಾರುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಎರಡರಲ್ಲೂ ಇರುವುದು ಬೆಳಕನ್ನು ಹೆಚ್ಚಾಗಿ ಹಿಡಿಯುವ ಬ್ಯಾಕ್ ಇಲ್ಯುಮಿನೇಟೆಡ್ ಸೆನ್ಸರ್. ಎರಡರ ಸಾಮಾನ್ಯ ಐಎಸ್‌ಒ ಮಿತಿಯೂ 51,200. ಚಿತ್ರಗಳನ್ನು ಒಂದೇ ಗಾತ್ರಕ್ಕೆ ತಂದು ನೋಡಿದರೆ ಐಎಸ್‌ಒ 6400ರಲ್ಲಿ ಕಾಣುವ ಕಾಳುಕಾಳು ಹೆಚ್ಚುಕಡಿಮೆ ಒಂದೇ.

ಇದೇ ಲೆಕ್ಕವನ್ನು ಲೆನ್ಸ್ ಕಡೆಯಿಂದ ನೋಡಿ. ಕಿಟ್ ಜೊತೆ ಬರುವ 28-70 ಮಿ.ಮೀ. ಲೆನ್ಸ್ ಅನ್ನು ಪೂರ್ತಿ ಜೂಮ್ ಮಾಡಿದಾಗ ಅದರ ಕಿಂಡಿ ಎಫ್ 5.6ಕ್ಕಿಂತ ದೊಡ್ಡದಾಗಿ ತೆರೆಯದು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಅದೇ ಜಾಗದಲ್ಲಿ ಟ್ಯಾಮ್ರಾನ್‌ನ 28-75 ಮಿ.ಮೀ. ಎಫ್ 2.8 ಲೆನ್ಸ್ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಸೋನಿಯದೇ 85 ಮಿ.ಮೀ. ಎಫ್ 1.8 ಹಾಕಿದರೆ ಒಂಬತ್ತು ಪಟ್ಟಿಗೂ ಮೀರಿ. ನಾಲ್ಕು ಪಟ್ಟು ಬೆಳಕೆಂದರೆ ಐಎಸ್‌ಒ 6400ರಲ್ಲಿ ತೆಗೆಯಬೇಕಾದ ಚಿತ್ರವನ್ನು 1600ರಲ್ಲಿ ತೆಗೆಯಬಹುದು ಎಂದು ಅರ್ಥ. ಮಾರ್ಕ್ 4 ಬಾಡಿಗೆ ಇದ್ದ ಹಣವನ್ನೆಲ್ಲ ಸುರಿದು ಕಿಟ್ ಲೆನ್ಸ್‌ನಲ್ಲಿಯೇ ಮದುವೆ ತೆಗೆಯುವವರಿಗಿಂತ ಮಾರ್ಕ್ 3ಕ್ಕೆ ಎಫ್ 2.8 ಜೂಮ್ ಒಂದನ್ನೂ 85 ಒಂದನ್ನೂ ಕೂಡಿಸಿಕೊಂಡವರ ಆಲ್ಬಮ್ ಚೆನ್ನಾಗಿ ಬರುತ್ತದೆ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಸಾಲ ಮಾಡಿ ದೊಡ್ಡ ಬಾಡಿ ತಂದು ಲೆನ್ಸ್‌ಗೆ ಹಣವಿಲ್ಲದೆ ಕೂರುವ ಹುಡುಗರನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಎರಡರ ಬಾಡಿಯಲ್ಲೂ ಇದೆ. ಕಂಪನಿ ಹೇಳುವಂತೆ ಹಳೆಯದರಲ್ಲಿ 5 ಸ್ಟಾಪ್, ಹೊಸದರಲ್ಲಿ 5.5 ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಶಟರ್ ಅನ್ನು ಎರಡು ಪಟ್ಟು ಹೊತ್ತು ತೆರೆದಿಡಬಹುದು). ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯ ಕಮಾನುಗಳ ಸಾಲಿನಲ್ಲಿ, ಅಥವಾ ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಇದರ ಬೆಲೆ ತಿಳಿಯುತ್ತದೆ, ಏಕೆಂದರೆ ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವಂತಿಲ್ಲ. ಕಂಬಕ್ಕೆ ಒರಗಿ, ಉಸಿರು ಹಿಡಿದು, ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ನಿಧಾನದ ಶಟರ್‌ನಲ್ಲಿಯೂ ಎರಡೂ ಕ್ಯಾಮೆರಾಗಳಲ್ಲಿ ಸ್ಪಷ್ಟ ಚಿತ್ರ ಪಡೆಯಬಹುದು. ಅರ್ಧ ಸ್ಟಾಪ್‌ನ ಅಂತರ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಫೋಕಸ್‌ನಲ್ಲಿ ಹೊಸದರ ಮೇಲುಗೈ

ಸ್ಥಿರಚಿತ್ರಗಳ ಮಟ್ಟಿಗೆ ಮಾರ್ಕ್ 4 ನಿಜವಾಗಿ ಮುಂದೆ ಹೋಗಿರುವುದು ಫೋಕಸ್‌ನಲ್ಲಿ. ಸೆನ್ಸರ್ ಮೇಲಿನ ಫೋಕಸ್ ಬಿಂದುಗಳ ಸಂಖ್ಯೆ 693ರಿಂದ 759ಕ್ಕೆ ಏರಿದ್ದು ಅಷ್ಟು ಮುಖ್ಯವಲ್ಲ. ಆ ಬಿಂದುಗಳಿಂದ ಬಂದ ಮಾಹಿತಿಯನ್ನು ಓದುವ ಪ್ರೊಸೆಸರ್ ಬದಲಾಗಿರುವುದು ಮುಖ್ಯ. ಹಳೆಯದರಲ್ಲಿ ಬಯಾನ್ಜ್ ಎಕ್ಸ್, ಹೊಸದರಲ್ಲಿ ಬಯಾನ್ಜ್ ಎಕ್ಸ್‌ಆರ್. ಅಕ್ಷತೆ ಬೀಳುವ ಹೊತ್ತನ್ನು ನೆನಪಿಸಿಕೊಳ್ಳಿ: ಕ್ಯಾಮೆರಾಕ್ಕೂ ವಧೂವರರಿಗೂ ನಡುವೆ ಹತ್ತಾರು ಕೈಗಳು ಏಳುತ್ತವೆ, ಅಕ್ಕಿಕಾಳುಗಳು ಗಾಳಿಯಲ್ಲಿ ಹಾರುತ್ತವೆ, ಯಾರೋ ಬಂಧುಗಳ ಭುಜ ಅಡ್ಡ ಬರುತ್ತದೆ. ಮಾರ್ಕ್ 3 ಇಂಥಲ್ಲಿ ಒಮ್ಮೊಮ್ಮೆ ಹತ್ತಿರದ ಕೈಗೆ ಫೋಕಸ್ ಕೊಟ್ಟು ಮತ್ತೆ ಮುಖವನ್ನು ಹುಡುಕಬೇಕಾಗುತ್ತದೆ. ಮಾರ್ಕ್ 4ರಲ್ಲಿರುವ ರಿಯಲ್ ಟೈಮ್ ಟ್ರ್ಯಾಕಿಂಗ್, ಒಮ್ಮೆ ಹಿಡಿದ ಕಣ್ಣನ್ನು ಬಣ್ಣ, ಆಕಾರ, ದೂರಗಳಿಂದ ಗುರುತಿಟ್ಟುಕೊಂಡು ಅಡ್ಡ ಬಂದದ್ದು ಸರಿದ ಕೂಡಲೇ ಮತ್ತೆ ಅಲ್ಲಿಗೇ ಬರುತ್ತದೆ.

ಮಾರ್ಕ್ 3 ಬಿಡುಗಡೆಯಾದಾಗ ಕಣ್ಣಿನ ಫೋಕಸ್‌ಗಾಗಿ ಪ್ರತ್ಯೇಕ ಗುಂಡಿ ಒತ್ತಬೇಕಿತ್ತು. 2019ರ ಏಪ್ರಿಲ್‌ನಲ್ಲಿ ಬಂದ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) 3.0 ಆ ತೊಡಕನ್ನು ನೀಗಿಸಿತು. ಶಟರ್ ಗುಂಡಿಯನ್ನು ಅರ್ಧ ಒತ್ತಿದರೆ ಸಾಕು, ಕಣ್ಣು ಹಿಡಿಯುತ್ತದೆ, ಪ್ರಾಣಿಗಳ ಕಣ್ಣನ್ನೂ ಗುರುತಿಸುತ್ತದೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುವವರು ಮೆನುವಿನಲ್ಲಿ ಫರ್ಮ್‌ವೇರ್ ಯಾವುದೆಂದು ನೋಡಬೇಕು. ಹಳೆಯದಿದ್ದರೆ ಕಂಪನಿಯ ಜಾಲತಾಣದಿಂದ ಉಚಿತವಾಗಿ ಏರಿಸಿಕೊಳ್ಳಬಹುದು. ಆದರೆ ಹಕ್ಕಿಯ ಕಣ್ಣನ್ನು ಗುರುತಿಸುವ ಶಕ್ತಿ ಮಾರ್ಕ್ 4ರಲ್ಲಿ ಮಾತ್ರ ಇದೆ. ಮಂದ ಬೆಳಕಿನಲ್ಲಿ ಫೋಕಸ್ ಹಿಡಿಯುವ ಮಿತಿಯೂ ಹಳೆಯದರಲ್ಲಿ ಮೈನಸ್ 3 ಇವಿ (ಬೆಳಕಿನ ಅಳತೆ), ಹೊಸದರಲ್ಲಿ ಮೈನಸ್ 4 ಇವಿ. ಅಂದರೆ ಹೊಸದು ಅರ್ಧದಷ್ಟು ಬೆಳಕಿದ್ದರೂ ನಿಭಾಯಿಸುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಸಂಜೆ ಕವಿಯುತ್ತಿರುವಾಗ ತೇರಿನ ಹಗ್ಗ ಹಿಡಿದವರ ಮುಖಗಳನ್ನು ತೆಗೆಯುವವರಿಗೆ ಈ ಅಂತರ ಕೈಗೆ ತಿಳಿಯುತ್ತದೆ.

ಎರಡೂ ಸೋಲುವ ಕಡೆಯೂ ಇದೆ. ಹೂವಿನ ಸೆಹ್ರಾ ಮುಖದ ಮೇಲೆ ಇಳಿಬಿಟ್ಟ ವರನ ಕಣ್ಣನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ಬಾಸಿಂಗದ ಮುತ್ತುಗಳು ಕಣ್ಣಿಗೆ ಅಡ್ಡ ತೂಗುವಾಗಲೂ ಫೋಕಸ್ ಮುತ್ತಿಗೆ ಹೋಗಿ ಕಣ್ಣು ಮಸುಕಾಗುವ ಸಂಭವ ಹೆಚ್ಚು. ಇಂಥಲ್ಲಿ ಸಣ್ಣ ಸ್ಪಾಟ್ ಒಂದನ್ನು ಕೈಯಿಂದಲೇ ಸರಿಸಿ ಇಡಬೇಕಾಗುತ್ತದೆ. ಆ ಕೆಲಸಕ್ಕೆ ಬೇಕಾದ ಜಾಯ್‌ಸ್ಟಿಕ್ ಎರಡರಲ್ಲೂ ಇದೆ.

ವೇಗದ ಬಗ್ಗೆ ಒಂದೇ ಮಾತು. ಎರಡೂ ಸೆಕೆಂಡಿಗೆ 10 ಚಿತ್ರ ತೆಗೆಯುತ್ತವೆ ಎಂದು ಪೆಟ್ಟಿಗೆಯ ಮೇಲಿದ್ದರೂ ಮಾರ್ಕ್ 4ರಲ್ಲಿ ಲಾಸ್‌ಲೆಸ್ ರಾ ಆರಿಸಿಕೊಂಡರೆ ಅದು 6ರ ಆಸುಪಾಸಿಗೆ ಇಳಿಯುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ವಿಷಯದಲ್ಲಿ ಹೊಸದು ಹಳೆಯದಕ್ಕಿಂತ ಮೇಲಲ್ಲ. ಎರಡರಲ್ಲೂ ಸೆನ್ಸರ್ ನಿಧಾನವಾಗಿ ಓದಿಕೊಳ್ಳುವುದರಿಂದ ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಮೂಡುತ್ತವೆ, ಓಡುವ ವಸ್ತು ಓರೆಯಾಗುತ್ತದೆ. ಹಾಲ್‌ನೊಳಗೆ ಮೆಕ್ಯಾನಿಕಲ್ ಶಟರ್ ಬಳಸಿ, ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟುಕೊಳ್ಳುವುದು ಎರಡಕ್ಕೂ ಅನ್ವಯಿಸುವ ಪರಿಹಾರ.

ವಿಡಿಯೊ: ಇಲ್ಲಿ ತಲೆಮಾರು ನಿಜಕ್ಕೂ ಬದಲಾಗಿದೆ

ಮಾರ್ಕ್ 3 ವಿಡಿಯೊವನ್ನು 8 ಬಿಟ್‌ನಲ್ಲಿ ಬರೆಯುತ್ತದೆ, ಮಾರ್ಕ್ 4 10 ಬಿಟ್‌ನಲ್ಲಿಯೂ ಬರೆಯಬಲ್ಲದು. 8 ಬಿಟ್ ಎಂದರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲುಗಳು, ಒಟ್ಟು ಸುಮಾರು 1.67 ಕೋಟಿ ಬಣ್ಣಗಳು. 10 ಬಿಟ್ ಎಂದರೆ ಒಂದೊಂದಕ್ಕೂ 1024 ಮೆಟ್ಟಿಲುಗಳು, ಒಟ್ಟು 107 ಕೋಟಿ. ತೆಗೆದದ್ದನ್ನು ಹಾಗೆಯೇ ಕೊಡುವವರಿಗೆ ಇದರಿಂದ ಹೆಚ್ಚೇನೂ ಆಗದು. ಆದರೆ ಅಷ್ಟೂರಿನ ಬಹಮನಿ ಗೋರಿಗಳ ಹಿಂದೆ ಹರಡಿದ ಸಂಜೆಯ ಆಕಾಶದಲ್ಲಿ ಪ್ರೀ ವೆಡ್ಡಿಂಗ್ ವಿಡಿಯೊ ತೆಗೆದು, ಬಣ್ಣವನ್ನು ಆಮೇಲೆ ತಿದ್ದಲೆಂದೇ ಪೇಲವವಾಗಿ ದಾಖಲಿಸುವ ಎಸ್-ಲಾಗ್ 3 ಪ್ರೊಫೈಲ್ ಬಳಸಿ, ಎಡಿಟಿಂಗ್‌ನಲ್ಲಿ ಬಣ್ಣ ತಿದ್ದುವವರಿಗೆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ: 8 ಬಿಟ್‌ನಲ್ಲಿ ಆಕಾಶ ಪಟ್ಟಿಪಟ್ಟಿಯಾಗಿ ಒಡೆಯುತ್ತದೆ, ಚರ್ಮದ ಬಣ್ಣ ಹಸಿರಿಗೋ ಕೆಂಪಿಗೋ ವಾಲುತ್ತದೆ. ಮಾರ್ಕ್ 3ರಲ್ಲಿ ಕೆಲಸ ಮಾಡುವವರು ಎಸ್-ಲಾಗ್ ತಂಟೆಗೆ ಹೋಗದೆ ಬಣ್ಣವನ್ನು ಕ್ಯಾಮೆರಾದಲ್ಲಿಯೇ ಸರಿಯಾಗಿ ಕೂರಿಸಿಕೊಂಡು ತೆಗೆಯುವುದು ಒಳ್ಳೆಯದು. ಮಾರ್ಕ್ 4ರಲ್ಲಿರುವ ಎಸ್-ಸಿನೆಟೋನ್ ಎಂಬ ಪ್ರೊಫೈಲ್ ಹೆಚ್ಚು ತಿದ್ದದೆಯೇ ಮುಖದ ಬಣ್ಣವನ್ನು ಹದವಾಗಿ ಕೊಡುತ್ತದೆ. ಮರುದಿನವೇ ರೀಲ್ಸ್ ಬೇಕೆಂದು ಕೇಳುವ ಗಿರಾಕಿಗಳ ಕಾಲದಲ್ಲಿ ಅದೊಂದೇ ಎಷ್ಟೋ ಗಂಟೆಗಳ ಕೆಲಸ ಉಳಿಸುತ್ತದೆ.

ಮಾರ್ಕ್ 3ರಲ್ಲಿ ವಿಡಿಯೊ ತೆಗೆಯುವಾಗ ಮುಖ ಗುರುತಿಸುತ್ತದೆ, ಕಣ್ಣನ್ನು ಗುರುತಿಸುವುದಿಲ್ಲ. ಮಾರ್ಕ್ 4 ವಿಡಿಯೊದಲ್ಲಿಯೂ ಕಣ್ಣು ಹಿಡಿಯುತ್ತದೆ, ಪರದೆಯ ಮೇಲೆ ಬೆರಳಿಟ್ಟು ತೋರಿಸಿದ ವ್ಯಕ್ತಿಯನ್ನು ಹಿಂಬಾಲಿಸುತ್ತದೆ. ಎಫ್ 1.8 ಲೆನ್ಸ್ ಹಾಕಿ ಗಿಂಬಲ್ (ಅಲುಗಾಟ ತಡೆಯುವ ಹಿಡಿಕೆ) ಮೇಲೆ ಓಡಾಡುತ್ತ ತೆಗೆಯುವವರು ಇದನ್ನು ಒಮ್ಮೆ ಬಳಸಿದರೆ ಹಿಂದಕ್ಕೆ ಹೋಗಲಾರರು.

ನಮ್ಮ ಭಾಗಕ್ಕೆ ವಿಶೇಷವಾಗಿ ಸಂಬಂಧಿಸಿದ ಇನ್ನೊಂದು ವಿಷಯ ರೆಕಾರ್ಡಿಂಗ್ ಅವಧಿ. ಮಾರ್ಕ್ 3ರಲ್ಲಿ ಒಂದು ಕ್ಲಿಪ್ ಸುಮಾರು 29 ನಿಮಿಷಕ್ಕೆ ತಾನಾಗಿ ನಿಂತುಬಿಡುತ್ತದೆ. ಶ್ರಾವಣದಲ್ಲಿ ಮಠಗಳಲ್ಲಿ ನಡೆಯುವ ಪುರಾಣ ಪ್ರವಚನ, ಧರ್ಮಸಭೆ, ಉರುಸಿನ ಕವ್ವಾಲಿ, ನಿಕಾಹ್ ಮತ್ತು ಅದರ ನಂತರದ ದುವಾ, ಇವು ಯಾವುವೂ 29 ನಿಮಿಷಕ್ಕೆ ಮುಗಿಯುವಂಥವಲ್ಲ. ಗುಂಡಿ ಒತ್ತಲು ಒಬ್ಬರು ಪಕ್ಕದಲ್ಲಿಯೇ ನಿಂತಿರಬೇಕು, ಮಾತಿನ ಮಧ್ಯೆ ಒಂದು ವಾಕ್ಯವಾದರೂ ತಪ್ಪಿಹೋಗುತ್ತದೆ. ಮಾರ್ಕ್ 4ಕ್ಕೆ ಈ ಮಿತಿಯಿಲ್ಲ. ಕಾರ್ಡ್ ತುಂಬುವವರೆಗೆ, ಬ್ಯಾಟರಿ ಇರುವವರೆಗೆ, ಬಾಡಿ ಬಿಸಿಯೇರದಿರುವವರೆಗೆ ಓಡುತ್ತದೆ. ಎಲ್‌ಇಡಿ ವಾಲ್‌ಗೆ ಲೈವ್ ಕೊಡುವವರಿಗೆ ಮಾರ್ಕ್ 4ರ ದೊಡ್ಡ ಎಚ್‌ಡಿಎಂಐ ಕಿಂಡಿ ಒಂದು ವರವೇ ಸರಿ. ಮಾರ್ಕ್ 3ರ ಮೈಕ್ರೊ ಎಚ್‌ಡಿಎಂಐ ಬಲು ಸೂಕ್ಷ್ಮ. ಜನಸಂದಣಿಯಲ್ಲಿ ಕೇಬಲ್‌ಗೆ ಯಾರದಾದರೂ ಕಾಲು ತಾಕಿದರೆ ಕಿಂಡಿಯೇ ಸಡಿಲವಾಗುತ್ತದೆ. ಮಾರ್ಕ್ 4ರಿಂದ ಯುಎಸ್‌ಬಿ ಕೇಬಲ್ ಒಂದರಿಂದಲೇ ಕಂಪ್ಯೂಟರ್ ಮೂಲಕ ನೇರ ಪ್ರಸಾರವನ್ನೂ ಮಾಡಬಹುದು.

ಸೆಕೆಂಡಿಗೆ 60 ಫ್ರೇಮ್‌ನ 4ಕೆ ವಿಡಿಯೊ ಮಾರ್ಕ್ 4ರಲ್ಲಿ ಮಾತ್ರ ಇದೆ, ಆದರೆ ಅದಕ್ಕೊಂದು ಷರತ್ತಿದೆ: ಚಿತ್ರ 1.5 ಪಟ್ಟು ಕ್ರಾಪ್ ಆಗುತ್ತದೆ. 28 ಮಿ.ಮೀ. ಲೆನ್ಸ್ 42 ಮಿ.ಮೀ.ನಂತೆ ಕಾಣುತ್ತದೆ. ಮನೆಯ ಸಣ್ಣ ಪಡಸಾಲೆಯಲ್ಲಿ ಅರಿಶಿಣ ಹಚ್ಚುವ ಶಾಸ್ತ್ರವನ್ನು ನಿಧಾನಗತಿಯಲ್ಲಿ ತೆಗೆಯಬೇಕೆಂದರೆ ಬೆನ್ನು ಗೋಡೆಗೆ ತಾಗಿದರೂ ಎಲ್ಲರೂ ಫ್ರೇಮಿನೊಳಗೆ ಬರುವುದಿಲ್ಲ. 16 ಅಥವಾ 17 ಮಿ.ಮೀ.ನಿಂದ ಆರಂಭವಾಗುವ ವೈಡ್ ಲೆನ್ಸ್ ಒಂದನ್ನು ಇದಕ್ಕಾಗಿ ಬಜೆಟ್‌ಗೆ ಸೇರಿಸಿಕೊಳ್ಳಬೇಕು. ಸಾಮಾನ್ಯ 25 ಫ್ರೇಮ್‌ನ 4ಕೆಯಲ್ಲಿ ಎರಡೂ ಕ್ಯಾಮೆರಾ ಸೆನ್ಸರ್‌ನ ಪೂರ್ತಿ ಅಗಲವನ್ನು ಬಳಸುತ್ತವೆ. ಮಾರ್ಕ್ 4ರ ಫೋಕಸ್ ಬ್ರೀದಿಂಗ್ (ಫೋಕಸ್ ಬದಲಾದಾಗ ದೃಶ್ಯ ಹಿಗ್ಗಿ ಕುಗ್ಗಿದಂತೆ ಕಾಣುವುದು) ಸರಿಪಡಿಸುವ ಸೌಲಭ್ಯದ ಬಗ್ಗೆ ಜಾಹೀರಾತುಗಳಲ್ಲಿ ಬಹಳ ಹೇಳುತ್ತಾರೆ. ಅದು ಸೋನಿಯ ಆಯ್ದ ಲೆನ್ಸ್‌ಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ, ಟ್ಯಾಮ್ರಾನ್, ಸಿಗ್ಮಾ ಬಳಸುವವರಿಗೆ ಅದರ ಲಾಭವಿಲ್ಲ.

ಕ್ಯಾಮೆರಾದ ಬೆಲೆಯ ಆಚೆಗೆ ಬರುವ ಖರ್ಚನ್ನು ಇಲ್ಲಿಯೇ ಲೆಕ್ಕ ಹಾಕಬೇಕು. ಮಾರ್ಕ್ 3ರ 100 ಎಂಬಿಪಿಎಸ್ ವಿಡಿಯೊ ಒಂದು ಗಂಟೆಗೆ 45 ಜಿಬಿ ತಿನ್ನುತ್ತದೆ. ಮಾರ್ಕ್ 4ರ 10 ಬಿಟ್ ವಿಡಿಯೊ 140 ಎಂಬಿಪಿಎಸ್‌ನಲ್ಲಿ ಗಂಟೆಗೆ 63 ಜಿಬಿ, 60 ಫ್ರೇಮ್‌ನ 200 ಎಂಬಿಪಿಎಸ್‌ನಲ್ಲಿ 90 ಜಿಬಿ. ಅಷ್ಟು ಭಾರದ ಫೈಲ್‌ಗಳು ಹಳೆಯ ಎಡಿಟಿಂಗ್ ಕಂಪ್ಯೂಟರಿನಲ್ಲಿ ತಡವರಿಸುತ್ತವೆ. ಪ್ರಾಕ್ಸಿ ಫೈಲ್ (ಎಡಿಟಿಂಗ್‌ಗೆ ಬಳಸುವ ಹಗುರ ನಕಲು) ಮಾಡಿಕೊಂಡು ಕೆಲಸ ಮಾಡುವುದನ್ನು ಕಲಿಯಬೇಕು, ಇಲ್ಲವೇ ಕಂಪ್ಯೂಟರನ್ನೂ ಬದಲಿಸಬೇಕು. ಹಾರ್ಡ್ ಡಿಸ್ಕ್ ಖರ್ಚು ಬೇರೆ. ಸಿಎಫ್ಎಕ್ಸ್‌ಪ್ರೆಸ್ ಟೈಪ್ ಎ ಎಂಬ ದುಬಾರಿ ಕಾರ್ಡ್ ಮಾರ್ಕ್ 4ರ ಮೊದಲ ಸ್ಲಾಟ್‌ಗೆ ಹೊಂದುತ್ತದೆಯಾದರೂ ಮದುವೆ ಕೆಲಸಕ್ಕೆ ಅದು ಬೇಡ; ವಿ60 ಗುರುತಿನ ಎಸ್‌ಡಿ ಕಾರ್ಡ್ ಸಾಕಾಗುತ್ತದೆ. ಮಾರ್ಕ್ 3ರ ಎರಡನೆಯ ಸ್ಲಾಟ್ ನಿಧಾನದ ಯುಎಚ್‌ಎಸ್-1 ಆಗಿರುವುದರಿಂದ ಎರಡೂ ಕಾರ್ಡ್‌ಗೆ ಒಟ್ಟಿಗೆ ಬರೆಯುವಾಗ ಕ್ಯಾಮೆರಾ ಕೊಂಚ ಕಾಯಿಸುತ್ತದೆ. ಹಾಗಿದ್ದರೂ ಮದುವೆಗಳಲ್ಲಿ ಎರಡೂ ಕಾರ್ಡ್‌ಗೆ ಬರೆಯುವುದನ್ನು ಬಿಡಬಾರದು. ಒಂದು ಕಾರ್ಡ್ ಕೆಟ್ಟರೆ ಮತ್ತೆ ತೆಗೆಯಲು ಬರುವ ದಿನವಲ್ಲ ಅದು.

ಬಿಸಿಲು, ಧೂಳು, ಬ್ಯಾಟರಿ

ಎರಡೂ ಕ್ಯಾಮೆರಾಗಳನ್ನು ಕಂಪನಿ ಶಿಫಾರಸು ಮಾಡುವುದು 0ಯಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಗೆ. ಮದುವೆಗಳು ಸಾಲುಗಟ್ಟುವ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಮಧ್ಯಾಹ್ನ ಆ ಗೆರೆಯನ್ನು ದಾಟಿಯೇ ಇರುತ್ತದೆ. ಮಾರ್ಕ್ 4ರಲ್ಲಿ 4ಕೆ 60 ಫ್ರೇಮ್ ಅನ್ನು ಬಿಸಿಲಿನಲ್ಲಿ ಎಡೆಬಿಡದೆ ಓಡಿಸಿದರೆ ಬಿಸಿಯೇರಿ ತಾನಾಗಿ ನಿಲ್ಲುವ ಸಾಧ್ಯತೆ ಇದೆ. ಮೆನುವಿನಲ್ಲಿ ಉಷ್ಣತೆಯಿಂದ ಆಫ್ ಆಗುವ ಮಿತಿಯನ್ನು ಹೆಚ್ಚಿನ ಮಟ್ಟಕ್ಕೆ ಇಟ್ಟುಕೊಳ್ಳುವುದು, ಪರದೆಯನ್ನು ಬಾಡಿಯಿಂದ ಹೊರಕ್ಕೆ ತಿರುಗಿಸಿ ಹಿಂಬದಿಗೆ ಗಾಳಿಯಾಡಲು ಬಿಡುವುದು, ಶಾಟ್‌ಗಳ ನಡುವೆ ನೆರಳಿಗೆ ತರುವುದು ಸಹಾಯಕ್ಕೆ ಬರುತ್ತವೆ. ಮೆರವಣಿಗೆಯಂಥ ಹೊರಗಿನ ಕೆಲಸದಲ್ಲಿ 25 ಫ್ರೇಮ್‌ನಲ್ಲಿಯೇ ತೆಗೆದು 60 ಫ್ರೇಮ್ ಅನ್ನು ಆಯ್ದ ಕ್ಷಣಗಳಿಗೆ ಉಳಿಸಿಕೊಳ್ಳುವುದು ಜಾಣತನ.

ಧೂಳಿನ ವಿಷಯದಲ್ಲಿ ಮಾರ್ಕ್ 4ರಲ್ಲಿರುವ ಒಂದು ಸಣ್ಣ ಸೌಲಭ್ಯವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಕ್ಯಾಮೆರಾ ಆಫ್ ಮಾಡಿದಾಗ ಶಟರ್ ಮುಚ್ಚಿಕೊಂಡು ಸೆನ್ಸರ್‌ಗೆ ಮರೆಯಾಗುವಂತೆ ಮೆನುವಿನಲ್ಲಿ ಆರಿಸಿಕೊಳ್ಳಬಹುದು. ಮಾರ್ಕ್ 3ರಲ್ಲಿ ಲೆನ್ಸ್ ತೆಗೆದ ಕೂಡಲೇ ಸೆನ್ಸರ್ ಬಯಲಾಗಿರುತ್ತದೆ. ತೊಗರಿ ರಾಶಿ ನಡೆಯುವ ಹೊಲ, ಶಹಾಬಾದ್ ಕಲ್ಲಿನ ಪಾಲಿಶ್ ಯಂತ್ರಗಳ ಬದಿ, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ಊರು, ಮೈಲಾಪುರದ ಜಾತ್ರೆಯಲ್ಲಿ ಭಂಡಾರ ಹಾರುವ ಜಾಗ, ಇಂಥಲ್ಲೆಲ್ಲ ಲೆನ್ಸ್ ಬದಲಿಸುವುದು ಅನಿವಾರ್ಯವಾದರೆ ಮಾರ್ಕ್ 3 ಇರುವವರು ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿದು, ಗಾಳಿಗೆ ಬೆನ್ನು ಕೊಟ್ಟು, ಬೇಗ ಮುಗಿಸಬೇಕು. ಮುಚ್ಚಿದ ಶಟರ್‌ನ ಎಲೆಗಳು ಬಹಳ ತೆಳು. ಅವನ್ನು ಬೆರಳಿನಿಂದ ಮುಟ್ಟಬಾರದು, ಬ್ಲೋವರ್‌ನಿಂದ ಜೋರಾಗಿ ಊದಲೂಬಾರದು.

ಬ್ಯಾಟರಿಯಲ್ಲಿ ಹಳೆಯದೇ ಮುಂದು. ನಿಗದಿತ ಪರೀಕ್ಷಾ ಕ್ರಮದಲ್ಲಿ ಪರದೆ ನೋಡಿ ತೆಗೆದರೆ ಮಾರ್ಕ್ 3ಕ್ಕೆ 710 ಚಿತ್ರ, ಮಾರ್ಕ್ 4ಕ್ಕೆ 580. ವ್ಯೂಫೈಂಡರ್‌ನಲ್ಲಿ 610 ಮತ್ತು 520. ಮದುವೆಯಲ್ಲಿ ಸತತವಾಗಿ ತೆಗೆಯುವಾಗ ಇದಕ್ಕಿಂತ ಬಹಳ ಹೆಚ್ಚು ಬರುತ್ತದೆ. ವಿಡಿಯೊ ಮಾಡುವವರು ಮಾರ್ಕ್ 4ಕ್ಕೆ ಒಂದು ಬ್ಯಾಟರಿಯನ್ನು ಹೆಚ್ಚಾಗಿಯೇ ಇಟ್ಟುಕೊಳ್ಳಬೇಕು.

ಮಾರ್ಕ್ 3ರ ಪರದೆ ಮೇಲಕ್ಕೂ ಕೆಳಕ್ಕೂ ಬಾಗುತ್ತದೆ ಅಷ್ಟೆ. ಮಾರ್ಕ್ 4ರದ್ದು ಪಕ್ಕಕ್ಕೆ ತೆರೆದು ಪೂರ್ತಿ ತಿರುಗುತ್ತದೆ. ಜಾತ್ರೆಯ ಗದ್ದಲದಲ್ಲಿ ಕೈ ಮೇಲೆತ್ತಿ ಲಂಬ ಚಿತ್ರ ತೆಗೆಯುವವರಿಗೂ ರೀಲ್ಸ್‌ಗಾಗಿ ನಿಲುವು ವಿಡಿಯೊ ಮಾಡುವವರಿಗೂ ಎರಡನೆಯದೇ ಬೇಕು. ವ್ಯೂಫೈಂಡರ್ ಕೂಡ 23.6 ಲಕ್ಷ ಬಿಂದುಗಳಿಂದ 36.8 ಲಕ್ಷಕ್ಕೆ ಏರಿದೆ. ಬಿಸಿಲಿನಲ್ಲಿ ಫೋಕಸ್ ಸರಿಯಾಗಿದೆಯೇ ಎಂದು ನೋಡಲು ಅದು ಹಿತವಾಗಿದೆ.

ಸೆಕೆಂಡ್ ಹ್ಯಾಂಡ್ ಮಾರ್ಕ್ 3 ನೋಡುವಾಗ

ಈ ಭಾಗದವರು ಸೆಕೆಂಡ್ ಹ್ಯಾಂಡ್ ಕ್ಯಾಮೆರಾಕ್ಕಾಗಿ ಹೆಚ್ಚಾಗಿ ಹೈದರಾಬಾದ್, ಸೊಲ್ಲಾಪುರ, ಬೆಂಗಳೂರುಗಳ ಕಡೆ ನೋಡುತ್ತಾರೆ. ದೂರದ ಊರಿನಲ್ಲಿ ಕೊಂಡದ್ದನ್ನು ಹಿಂತಿರುಗಿಸುವುದು ಸುಲಭವಲ್ಲವಾದ್ದರಿಂದ ಪರೀಕ್ಷೆಯನ್ನು ಅಲ್ಲಿಯೇ ಮುಗಿಸಬೇಕು. ಮಾರ್ಕ್ 3ರ ಶಟರ್ ಅನ್ನು ಸುಮಾರು 2,00,000 ಬಾರಿ ತೆರೆದು ಮುಚ್ಚುವುದಕ್ಕೆ ಪರೀಕ್ಷಿಸಲಾಗಿದೆ. ಮದುವೆ ಕೆಲಸದಲ್ಲಿ ಮೂರು ನಾಲ್ಕು ವರ್ಷ ದುಡಿದ ಬಾಡಿ ಆ ಸಂಖ್ಯೆಯನ್ನು ಸಮೀಪಿಸಿರಬಹುದು. ಕ್ಯಾಮೆರಾದ ಮೆನುವಿನಲ್ಲಿ ಎಣಿಕೆ ಕಾಣುವುದಿಲ್ಲ; ಒಂದು ಚಿತ್ರ ತೆಗೆದು, ಅದರ ಮೂಲ ಫೈಲನ್ನು ಶಟರ್ ಕೌಂಟ್ ತೋರಿಸುವ ಜಾಲತಾಣಕ್ಕೆ ಏರಿಸಿ ನೋಡಬೇಕು. ಬಳಿಕ ಎಫ್ 16ಕ್ಕೆ ಇಟ್ಟು ಬಿಳಿಯ ಗೋಡೆಯನ್ನು ಮಸುಕಾಗಿ ತೆಗೆದರೆ ಸೆನ್ಸರ್ ಮೇಲಿನ ಧೂಳು, ಗೀರು ಚುಕ್ಕೆಗಳಾಗಿ ಕಾಣುತ್ತವೆ. ಧೂಳಿದ್ದರೆ ಒರೆಸಬಹುದು, ಗೀರಿದ್ದರೆ ಕೊಳ್ಳಬಾರದು. ಎರಡೂ ಸ್ಲಾಟ್‌ಗಳಿಗೆ ಕಾರ್ಡ್ ಹಾಕಿ, ಎಚ್‌ಡಿಎಂಐ ಕಿಂಡಿಗೆ ಕೇಬಲ್ ಚುಚ್ಚಿ ಅಲುಗಾಡಿಸಿ, ಹತ್ತು ನಿಮಿಷ 4ಕೆ ವಿಡಿಯೊ ಓಡಿಸಿ. ಬಾಡಿಯ ಕೆಳಗಿರುವ ಸೀರಿಯಲ್ ಸಂಖ್ಯೆ ಬಿಲ್ಲಿನಲ್ಲಿರುವುದರೊಂದಿಗೆ ಹೊಂದದಿದ್ದರೆ, ಅಥವಾ ಬಿಲ್ಲೇ ಇಲ್ಲದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ. ಹೊಸದನ್ನು ಕೊಳ್ಳುವಾಗಲೂ ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇವೆಂಬ ಮಾತಿಗೆ ಮರುಳಾಗಬಾರದು; ಭಾರತದ ವಾರಂಟಿ ಇಲ್ಲದ ಕ್ಯಾಮೆರಾಕ್ಕೆ ದುರಸ್ತಿಯ ದಿನ ಪೂರ್ತಿ ಖರ್ಚು ನಿಮ್ಮದೇ. ಹತ್ತಿರದ ಸರ್ವಿಸ್ ಸೆಂಟರ್ ಯಾವ ಊರಿನಲ್ಲಿದೆ, ಕೊರಿಯರ್‌ನಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನೂ ಮೊದಲೇ ವಿಚಾರಿಸಿ.

ಈಗಾಗಲೇ ಮಾರ್ಕ್ 3 ಇರುವವರಿಗೆ

ಇವರಿಗೆ ನನ್ನ ಸಲಹೆ, ಹಳೆಯದನ್ನು ಕೊಟ್ಟು ಹೊಸದನ್ನು ತರುವ ಬದಲು ಹಳೆಯದನ್ನು ಉಳಿಸಿಕೊಂಡೇ ಎರಡನೆಯ ಬಾಡಿಯಾಗಿ ಮಾರ್ಕ್ 4 ಸೇರಿಸಿಕೊಳ್ಳುವುದು. ಹೇಗೂ ಮದುವೆಗೆ ಎರಡು ಬಾಡಿ ಬೇಕು. ಒಂದರಲ್ಲಿ ವಿಡಿಯೊ, ಇನ್ನೊಂದರಲ್ಲಿ ಫೋಟೊ ಎಂದು ಹಂಚಿಕೊಂಡರೆ ಎರಡೂ ತಮ್ಮ ಬಲವಿರುವ ಕಡೆ ದುಡಿಯುತ್ತವೆ, ಬ್ಯಾಟರಿ ಮತ್ತು ಲೆನ್ಸ್‌ಗಳೂ ಅದಲುಬದಲಾಗುತ್ತವೆ. ಬ್ಯಾಟರಿ ಗ್ರಿಪ್ ಮಾತ್ರ ಹೊಂದುವುದಿಲ್ಲ; ಮಾರ್ಕ್ 3ರದ್ದು ವಿಜಿ-ಸಿ3ಇಎಂ, ಮಾರ್ಕ್ 4ರದ್ದು ವಿಜಿ-ಸಿ4ಇಎಂ. ಎರಡರ ಬಣ್ಣವೂ ಸ್ವಲ್ಪ ಬೇರೆ: ಹಳೆಯದರಲ್ಲಿ ಕ್ರಿಯೇಟಿವ್ ಸ್ಟೈಲ್, ಹೊಸದರಲ್ಲಿ ಕ್ರಿಯೇಟಿವ್ ಲುಕ್ ಇದ್ದು, ಬಿಳಿಯ ಹದವನ್ನು ಕ್ಯಾಮೆರಾವೇ ಆರಿಸುವ ಆಟೊ ವೈಟ್ ಬ್ಯಾಲೆನ್ಸ್‌ನಲ್ಲಿ ಬಿಟ್ಟರೆ ಒಂದೇ ಸೀರೆ ಎರಡು ಚಿತ್ರಗಳಲ್ಲಿ ಎರಡು ಬಣ್ಣವಾಗಿ ಬರುತ್ತದೆ. ಹಾಲ್‌ಗೆ ಹೋದ ಕೂಡಲೇ ವೇದಿಕೆಯ ದೀಪದ ಕೆಳಗೆ ಬಿಳಿ ಕಾಗದ ಹಿಡಿದು ಎರಡರಲ್ಲೂ ಪರೀಕ್ಷಾ ಚಿತ್ರ ತೆಗೆಯಿರಿ. ಮೊದಲು ಎರಡರಲ್ಲೂ ಒಂದೇ ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸಂಖ್ಯೆ ಇಡಿ, ಆಮೇಲೂ ಕಾಗದದ ಬಣ್ಣ ಹೊಂದದಿದ್ದರೆ ಮಾರ್ಕ್ 3ರ ಸಂಖ್ಯೆಯನ್ನು ನೂರು ನೂರರಂತೆ ಏರಿಸಿಯೋ ಇಳಿಸಿಯೋ ಮಾರ್ಕ್ 4ಕ್ಕೆ ಸರಿಗೂಡಿಸಿಕೊಳ್ಳಿ.